ನೀಲಿಯಲ್ಲಿ ಅದ್ದಿದ ಹೊದಿಕೆ

ಅವರು ಮೊದಲ ಸಲ ನಮ್ಮ ಅಂಗಡಿಗೆ ಬಂದಾಗ ನಾನು ಒಂದು ಸೂಜಿಯ ಜೊತೆ ಜಗಳಕ್ಕೆ ನಿಂತಿದ್ದೆ.

ಹಳೆಯ ಒರಗುಕುರ್ಚಿಯ ದಿಂಬು ನನ್ನ ತೊಡೆಯ ಮೇಲಿತ್ತು. ನೂಲಿನ ತುದಿಯನ್ನು ತುಟಿಗೆ ಒತ್ತಿ, ಹೊಸೆದು, ಸೂಜಿಯ ಕಣ್ಣಿಗೆ ಗುರಿಯಿಡುತ್ತಿದ್ದೆ. ಅದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಜಾರುತ್ತಿತ್ತು. ಐದನೇ ಸಲವೂ ತಪ್ಪಿದಾಗ ಕಿಟಕಿಯ ಮೇಲೆ ಸಿಟ್ಟು ಬಂತು.

“ಈ ಅಂಗಡೀಲಿ ಬೆಳಕೇ ಇಲ್ಲ,” ಎಂದೆ.

ಬಾಗಿಲಲ್ಲಿ ಒಬ್ಬರು ನಿಂತಿದ್ದರು. ಮೇಲಿನ ದೀಪ ನೋಡಿದರು, ಕಿಟಕಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. “ಬೆಳಕು ಬೇಕಾದಷ್ಟಿದೆಯಲ್ಲ,” ಎಂದರು.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದು ಒಳಗಿನಿಂದ ಅಕ್ಕ ಸೇರಿಸಿದಳು. ಒಂದು ಗಾದೆಯನ್ನೂ ಹಾಳಾಗಲು ಬಿಡುವವಳಲ್ಲ ಅವಳು.

ಅವರು ಹತ್ತಿರ ಬಂದು ನನ್ನ ಕೈಯಿಂದ ಸೂಜಿ ತೆಗೆದುಕೊಂಡು, ಒಂದೇ ಸಲಕ್ಕೆ ನೂಲು ಪೋಣಿಸಿ ವಾಪಸು ಕೊಟ್ಟರು.

“ನಾನು ಕೇಳಿರ್ಲಿಲ್ಲ,” ಎಂದೆ.

“ಗೊತ್ತು. ಈ ಬೀದಿ ಕೊನೇಲಿ ಕನ್ನಡಕದ ಅಂಗಡಿ ಇದೆಯಲ್ಲ, ಅದು ನಂದು. ಪುರುಸೊತ್ತಾದಾಗ ಬನ್ನಿ, ಕಣ್ಣು ನೋಡ್ತೀನಿ.”

“ನನ್ನ ಕಣ್ಣು ಚೆನ್ನಾಗೇ ಇದಾವೆ.”

ಅವರು ನನ್ನ ಕಣ್ಣನ್ನು ನೋಡಿದರು. ಕಸುಬಿಗೆ ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನೋಡಿದರು. “ಚೆನ್ನಾಗೇನೋ ಇವೆ,” ಎಂದರು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆ ದಿನ ಮಾತ್ರ ಅದು ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ.

ಇದೆಲ್ಲ ಆಗಿ ಹದಿನಾಲ್ಕು ವರ್ಷ. ಆಗ ನನಗೆ ನಲವತ್ತೊಂದು. ಮದುವೆಯ ಮಾತು ಬಂದು, ಹೋಗಿ, ಮತ್ತೆ ಬಂದು, ಕೊನೆಗೆ ನಮ್ಮ ಮನೆಯ ದಾರಿಯನ್ನೇ ಮರೆತಿತ್ತು. ನಾನೂ ಅಕ್ಕನೂ ಸೇರಿ ಹಳೆ ಸಾಮಾನಿನ ಅಂಗಡಿ ನಡೆಸುತ್ತಿದ್ದೆವು. ಜನ ಬೇಡವೆಂದು ಹೊರಹಾಕಿದ ಕಪಾಟು, ಮಂಚ, ಕುರ್ಚಿಗಳನ್ನು ತಂದು ಮರದ ಕೆಲಸವನ್ನು ಬಡಗಿಯಿಂದ ಮಾಡಿಸುತ್ತಿದ್ದೆವು. ಬಟ್ಟೆಯ ಕೆಲಸವೆಲ್ಲ ನನ್ನದು. ನನ್ನ ಕೈಯಲ್ಲಿ ಹಳೆ ಪರದೆ ದಿಂಬಿನ ಚೀಲವಾಗುತ್ತಿತ್ತು, ತೂತು ಬಿದ್ದ ಮೇಜುಬಟ್ಟೆ ದೀಪದ ಮುಸುಕಾಗುತ್ತಿತ್ತು. ಕರೆದವರ ಮನೆಗೆ ಹೋಗಿ ಅವರದೇ ಹಳೆ ಸಾಮಾನಿನಿಂದ ಕೋಣೆ ಸಿಂಗರಿಸಿಯೂ ಕೊಡುತ್ತಿದ್ದೆ. ಬೀದಿಯವರು ಹಿಂದಿನಿಂದ ನನ್ನನ್ನು ಚಿಂದಿರಾಣಿ ಎನ್ನುತ್ತಿದ್ದರು. ಕೇಳಿಸಿದಾಗಲೆಲ್ಲ ಕತ್ತು ಇನ್ನಷ್ಟು ನೆಟ್ಟಗೆ ಮಾಡಿಕೊಂಡು ನಡೆಯುತ್ತಿದ್ದೆ.

ಕನ್ನಡಕದವರು ಬಂದದ್ದೂ ಅಂಥ ಕೆಲಸಕ್ಕೇ. ಅವರ ತಾಯಿ ತೀರಿಕೊಂಡು ಒಂದು ವರ್ಷವಾಗಿತ್ತು. ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಅದನ್ನು ಸಾಮಾನಿನ ಸಮೇತ ಬಾಡಿಗೆಗೆ ಕೊಟ್ಟು ಅವರು ಬೇರೆ ಊರಿಗೆ ಹೊರಟಿದ್ದರು. ಅಲ್ಲಿ ಅವರ ಭಾವ ದೊಡ್ಡ ಅಂಗಡಿ ತೆರೆದು ಜೊತೆಗೆ ಬಾ ಎಂದು ಕರೆದಿದ್ದರಂತೆ.

“ಬರೋರು ಹೊಸದಾಗಿ ಮದುವೆ ಆದೋರು,” ಎಂದರು. “ಅವರ ಹತ್ರ ಒಂದು ಕುರ್ಚೀನೂ ಇಲ್ಲ. ನನಗೆ ಅಮ್ಮನ ಸಾಮಾನು ಬಿಸಾಕೋಕೆ ಮನಸ್ಸಿಲ್ಲ. ಅವರು ಬಾಗಿಲು ತೆಗೆದಾಗ ಅದು ಮನೆ ಅನ್ನಿಸ್ಬೇಕು. ಆರು ವಾರ ಟೈಮಿದೆ.”

“ಎರಡು ಕೋಣೆಗೆ ಮೂರು ವಾರ ಸಾಕು,” ಎಂದೆ.

ಅದು ನಾನು ಅವರಿಗೆ ಹೇಳಿದ ಎರಡನೇ ಸುಳ್ಳು. ಹೇಳುವಾಗ ನನಗೇ ಗೊತ್ತಿರಲಿಲ್ಲ.

ಆ ಮನೆಯನ್ನು ನಾನು ಈಗಲೂ ಕಣ್ಣು ಮುಚ್ಚಿ ನಡೆಯಬಲ್ಲೆ. ಒಳಗೆ ಕಾಲಿಟ್ಟರೆ ಎಡಕ್ಕೆ ಗಾಜಿನ ಬಾಗಿಲಿನ ಕಪಾಟು, ಅದರ ಒಂದು ಕಾಲಿಗೆ ಮಡಚಿದ ರಟ್ಟಿನ ಆಸರೆ. ಕಿಟಕಿಯ ಪಕ್ಕ ಎರಡು ಕುರ್ಚಿ. ಒಳಕೋಣೆಯಲ್ಲಿ ಕಬ್ಬಿಣದ ಮಂಚ, ಹಾಸಿಗೆಯ ಕೆಳಗೆ ಮೂರು ಟ್ರಂಕು ಬಟ್ಟೆ. ಎಲ್ಲದರ ಮೇಲೂ ಒಂದು ವರ್ಷದ ಧೂಳು; ತಾಯಿ ಹೋದಮೇಲೆ ಅವರು ತಮ್ಮ ಅಂಗಡಿಯಲ್ಲೇ ಮಲಗುತ್ತಿದ್ದರಂತೆ.

ನಾನು ಬೆಳಿಗ್ಗೆ ಹೋಗುತ್ತಿದ್ದೆ. ಅವರು ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು, ಮಗುಚಿದ ಪೆಟ್ಟಿಗೆಯ ಮೇಲೆ ಕೂರುತ್ತಿದ್ದರು. ನೋಡೋಕೆ ಬಂದೆ ಎನ್ನುತ್ತಿದ್ದರು. ಏನನ್ನು ಎಂದು ನಾನು ಕೇಳುತ್ತಿರಲಿಲ್ಲ.

ಅವರು ಬೇರೆಯವರ ಕನ್ನಡಕವನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ತಮ್ಮದನ್ನು ಮಾತ್ರ ಅಂಗಿಯ ತುದಿಯಲ್ಲಿ ಒರೆಸಿಕೊಳ್ಳುತ್ತಿದ್ದರು. ಹಾಗೆ ಒರೆಸುವಾಗ ಅವರ ಬರಿಗಣ್ಣು ಎಲ್ಲಿ ನೋಡಬೇಕೆಂದು ತಿಳಿಯದೆ ನನ್ನ ಕಡೆ ಬರುತ್ತಿತ್ತು. ಕನ್ನಡಕ ಹಾಕಿಕೊಂಡ ಕೂಡಲೇ ಬೇರೆ ಕಡೆ ತಿರುಗುತ್ತಿತ್ತು. ಕೋಣೆಯ ಆ ತುದಿಯಿಂದ ಇದೆಲ್ಲ ನನಗೆ ಚೆನ್ನಾಗಿ ಕಾಣುತ್ತಿತ್ತು. ಹತ್ತಿರ ಬಂದಷ್ಟೂ ಅವರು ಮಸುಕಾಗುತ್ತಿದ್ದರು. ಆ ಮಸುಕನ್ನು ನಾನು ನಾಚಿಕೆಯ ಲೆಕ್ಕಕ್ಕೆ ಹಾಕಿಬಿಟ್ಟಿದ್ದೆ.

ಒಂದು ದಿನ ಕಿಟಕಿಯ ಕುರ್ಚಿಯ ಕೈಯನ್ನು ತೋರಿಸಿದೆ. ಮೊಣಕೈ ಊರಿ ಊರಿ ಮರ ಅಲ್ಲಿ ಸವೆದು ಹೊಳೆಯುತ್ತಿತ್ತು. “ಬಡಗಿ ಉಜ್ಜಿ ಪಾಲಿಶ್ ಹಾಕಿದ್ರೆ ಇದು ಹೋಗುತ್ತೆ,” ಎಂದೆ.

“ಹೋಗ್ಬೇಕಾ?”

“ನೀವು ಹೇಳಿ. ಕೂತಿದ್ದೋರು ನಿಮ್ಮ ತಾಯಿ.”

ಅವರು ಅಲ್ಲಿ ಕೈಯಿಟ್ಟರು. ತುಂಬ ಹೊತ್ತು ತೆಗೆಯಲಿಲ್ಲ. “ಇರ್ಲಿ ಬಿಡಿ,” ಎಂದರು. “ಹೊಸ ಹುಡುಗಿಗೆ ಎಲ್ಲಿ ಕೈ ಇಡ್ಬೇಕು ಅಂತ ಗೊತ್ತಾಗ್ಲಿ.”

ಪ್ರೀತಿ ಯಾವಾಗ ಶುರುವಾಯಿತು ಎಂದು ಯಾರಾದರೂ ಕೇಳಿದರೆ ನಾನು ಆ ಮಾತನ್ನು ಹೇಳುತ್ತೇನೆ. ಮೂರು ವಾರದ ಕೆಲಸ ನಾಲ್ಕಾಯಿತು, ಐದಾಯಿತು. ಒಂದು ಸಲ ಹಾಕಿದ ಪರದೆಯನ್ನು ಅಂಚು ಸೊಟ್ಟಗಿದೆಯೆಂದು ಬಿಚ್ಚಿ ಮತ್ತೆ ಹೊಲಿದೆ. ಕಪಾಟಿನ ಒಳಗೆ ಅಂಟಿಸಿದ ಹೂವಿನ ಬಟ್ಟೆ ಹಿಡಿಸದೆ ಕಿತ್ತು ಗೆರೆಯ ಬಟ್ಟೆ ಅಂಟಿಸಿದೆ. ಅಕ್ಕ ಎಲ್ಲ ನೋಡುತ್ತಿದ್ದಳು.

“ಎರಡು ಕೋಣೆಗೆ ಐದು ವಾರವಾ?”

“ಹಳೇ ಮರ. ಟೈಮ್ ತಗೊಳುತ್ತೆ.”

“ಮರಕ್ಕಾ, ನಿನಗಾ?”

ಕೆಲಸ ಮುಗಿದರೆ ಅವರು ಹೋಗುತ್ತಾರೆ. ಅಷ್ಟೇ ವಿಷಯ. ಕೆಟ್ಟದಾಗಿ ಮಾಡಲು ಕೈ ಬಾರದು, ಬೇಗ ಮುಗಿಸಲು ಮನಸ್ಸು ಬಾರದು. ಹೋಗಬೇಡಿ ಎಂದು ಹೇಳಲು ಬಾಯಂತೂ ಬಾರದು. ಆ ಮನೆ ಚೆಂದವಾದಷ್ಟೂ ನನಗೆ ಸಂಕಟವಾಗುತ್ತಿತ್ತು.

ಕೊನೆಗೆ ಮಂಚದ ಹೊದಿಕೆಯೊಂದೇ ಉಳಿಯಿತು. ಟ್ರಂಕಿನಲ್ಲಿ ಒಂದೇ ಅಳತೆಯ ಎರಡು ಬಿಳಿ ಹೊದಿಕೆಗಳಿದ್ದವು. ಅವರು ಎರಡನ್ನೂ ನನ್ನ ಕೈಗಿಟ್ಟರು.

“ಇದರಲ್ಲಿ ಒಂದು ಅಂಗಡಿಯಿಂದ ತಂದದ್ದು. ಅದಕ್ಕೆ ಏನು ಬೇಕಾದ್ರೂ ಮಾಡಿ. ಇನ್ನೊಂದರ ಮೇಲೆ ಅಮ್ಮ ಬಿಳಿ ನೂಲಲ್ಲಿ ಏನೋ ಗೆರೆ ಗೆರೆ ಹೊಲೀತಿದ್ಲು, ವರ್ಷಗಟ್ಟಲೆ. ಏನದು ಅಂದ್ರೆ, ಮುಗೀಲಿ ತೋರಿಸ್ತೀನಿ ಅನ್ನೋಳು. ಅದನ್ನ ಹಾಗೇ ಇಡಿ, ನಾನು ತಗೊಂಡು ಹೋಗ್ತೀನಿ.”

“ಯಾವುದು ಅಂತ—”

“ನೋಡಿದ್ರೆ ಗೊತ್ತಾಗುತ್ತಲ್ಲ,” ಎಂದರು. ಅಂಗಡಿಯಲ್ಲಿ ಯಾರೋ ಕಾಯುತ್ತಿದ್ದರು, ಹೊರಟರು.

ಅಂಗಡಿಗೆ ಬಂದು ನೋಡಿದೆ. ಬಿಳಿಯ ಮೇಲೆ ಬಿಳಿ. ಕಿಟಕಿಗೆ ಹಿಡಿದರೂ ನನ್ನ ಕಣ್ಣಿಗೆ ಬರಿಯ ಮಂಜು. ಕೈಯನ್ನು ಓಡಿಸಿದೆ. ಒಂದರಲ್ಲಿ ಉದ್ದಕ್ಕೂ ಉಬ್ಬು ಗೆರೆ ಸಿಕ್ಕಿತು. ಇದೇ ಅವರ ತಾಯಿಯದು ಎಂದುಕೊಂಡೆ. ಇನ್ನೊಂದರಲ್ಲಿ ಅಲ್ಲಲ್ಲಿ ಸಣ್ಣ ಸಣ್ಣ ಗಂಟುಗಳಿದ್ದವು. ತೊಳೆದು ತೊಳೆದು ನವೆದ ಬಟ್ಟೆಗೆ ಹಾಗಾಗುವುದುಂಟು. ಅಕ್ಕನನ್ನು ಕರೆದು ನೋಡು ಎಂದಿದ್ದರೆ ಒಂದು ನಿಮಿಷದ ಕೆಲಸ. ಕರೆದರೆ ನನ್ನ ಕಣ್ಣಿನ ಸಂಗತಿ ಒಪ್ಪಿಕೊಂಡಂತೆ. ಬಟ್ಟೆ ಮುಟ್ಟಿದರೆ ಅದರ ಜಾತಕ ಹೇಳುತ್ತೇನೆ ಎಂದು ಊರೆಲ್ಲ ಹೇಳಿಕೊಂಡು ಓಡಾಡಿದವಳು ನಾನು.

ಗಂಟುಗಳಿದ್ದ ಹೊದಿಕೆಯನ್ನು ನೀಲಿ ಬಣ್ಣದ ಪಾತ್ರೆಗೆ ಇಳಿಸಿದೆ.

ತೊಳೆದು, ಹಿಂಡಿ, ಹಿತ್ತಲಿನ ತಂತಿಯ ಮೇಲೆ ಹರಡಿ, ನಾಲ್ಕು ಹೆಜ್ಜೆ ಹಿಂದೆ ಬಂದು ತಿರುಗಿ ನೋಡಿದೆ.

ನೀಲಿಯ ಮೇಲೆ ಬಿಳಿಯ ಗೆರೆಗಳು ಎದ್ದಿದ್ದವು. ಒಂದು ಕಿಟಕಿ. ಅದರ ಪಕ್ಕ ಎರಡು ಕುರ್ಚಿ. ಗಾಜಿನ ಬಾಗಿಲಿನ ಕಪಾಟು, ಒಳಗೆ ಸಾಲಾಗಿ ಆರು ಬಟ್ಟಲು. ಕಬ್ಬಿಣದ ಮಂಚ. ಗೋಡೆಗೆ ಒರಗಿಸಿದ ಕೊಡೆ. ಮೇಜಿನ ಕೆಳಗೆ ಮೊಣಕಾಲು ಅಪ್ಪಿಕೊಂಡು ಕುಳಿತ ಒಬ್ಬ ಪುಟ್ಟ ಹುಡುಗ, ಮೂಗಿನ ಮೇಲೆ ಎರಡು ದುಂಡು ಗಾಜು. ಆ ಮಹಾತಾಯಿ ಮೆಶಿನ್ನಿನ ಪಾಲಿಯೆಸ್ಟರ್ ನೂಲಿನಲ್ಲಿ ಹೊಲಿದಿದ್ದಳು. ಹತ್ತಿಯ ಬಟ್ಟೆ ಹೊಟ್ಟೆ ತುಂಬ ನೀಲಿ ಕುಡಿದಿತ್ತು. ನೂಲು ಒಂದು ಹನಿಯನ್ನೂ ಮುಟ್ಟಿರಲಿಲ್ಲ.

ಅಂಗಡಿ ಮುಚ್ಚಿ ಹಿತ್ತಲಿಗೆ ಬಂದಿದ್ದ ಅವರ ದನಿ ಬೆನ್ನ ಹಿಂದೆ ಕೇಳಿತು. “ಇದು ಅಮ್ಮಂದು.”

“ಹೌದು.”

“ಹಾಗೇ ಇಡಿ ಅಂದಿದ್ದೆ.”

ಆಗ ನನ್ನ ಮುಂದೆ ಎರಡು ಉತ್ತರಗಳಿದ್ದವು. ನನಗೆ ಕಾಣಲಿಲ್ಲ ಎನ್ನುವುದು ಒಂದು. ಇನ್ನೊಂದನ್ನು ನನ್ನ ನಾಲಿಗೆ ತಾನೇ ಆರಿಸಿಕೊಂಡಿತು. “ಬಿಳಿ ಆ ಕೋಣೆಗೆ ಹೊಂದ್ತಿರ್ಲಿಲ್ಲ,” ಎಂದೆ.

ಕುರುಡಿ ಎನ್ನಿಸಿಕೊಳ್ಳುವುದಕ್ಕಿಂತ ಸೊಕ್ಕಿನವಳು ಎನ್ನಿಸಿಕೊಳ್ಳುವುದು ವಾಸಿ ಎಂದು ಆ ಕ್ಷಣಕ್ಕೆ ಅನ್ನಿಸಿತ್ತು.

ಅವರು ಬೈಯಲಿಲ್ಲ. “ಸರಿ. ನಿಮ್ಮ ಕೆಲಸ ನಿಮಗೆ ಗೊತ್ತು,” ಎಂದರು. ಒದ್ದೆ ಹೊದಿಕೆಯನ್ನು ತಂತಿಯಿಂದ ಇಳಿಸಿ, ಮಡಚಿ, ಎದೆಗೆ ಆನಿಸಿಕೊಂಡು ಹೋದರು. ಅವರ ಬಿಳಿ ಅಂಗಿಗೆ ನೀಲಿ ಇಳಿಯುತ್ತಿತ್ತು. ಬೀದಿಯುದ್ದಕ್ಕೂ ನೀಲಿ ಹನಿಗಳು ಬಿದ್ದವು.

ಮೂರು ದಿನ ಅವರು ಬರಲಿಲ್ಲ. ಬರಿಯ ನೇಯ್ಗೆಯ ಉಬ್ಬು ಗೆರೆಯಿದ್ದ ಆ ಇನ್ನೊಂದು ಹೊದಿಕೆಯನ್ನು ಬಿಳಿಯಾಗೇ ಮಂಚಕ್ಕೆ ಹಾಸಿ ನಾನು ಕೆಲಸ ಮುಗಿಸಿದೆ. ಇನ್ನು ಬಿಚ್ಚಿ ಹೊಲಿಯಲು ಏನೂ ಉಳಿದಿರಲಿಲ್ಲ. ಮರುದಿನ ಹೊಸ ಜೋಡಿ ಬರುವುದಿತ್ತು, ಅದರ ಮರುದಿನ ಅವರ ರೈಲು.

ಅಕ್ಕನಿಗೆ ಎಲ್ಲ ಹೇಳಿದೆ. ಸಮಾಧಾನ ಮಾಡುತ್ತಾಳೆ ಎಂದುಕೊಂಡಿದ್ದರೆ ಅದು ನನ್ನ ತಪ್ಪು.

“ಬಾಯಿಬಿಟ್ರೆ ಬಣ್ಣಗೇಡು ಅಂತ ಸುಮ್ನೆ ಕೂತಿದೀಯಾ?” ಎಂದಳು. “ಬಣ್ಣ ಆಗ್ಲೇ ಕೆಟ್ಟಾಗಿದೆ. ಹೋಗು, ಹೋಗಿ ಬಾಯಿಬಿಡು.”

ಕನ್ನಡಕದ ಅಂಗಡಿಯ ಗಾಜಿನ ಗೂಡುಗಳು ಖಾಲಿಯಾಗಿದ್ದವು. ನೆಲದ ತುಂಬ ಕಟ್ಟಿದ ರಟ್ಟಿನ ಪೆಟ್ಟಿಗೆಗಳು. ನಡುವೆ ಅವರು ದಾರದ ಉಂಡೆ ಹಿಡಿದು ಕುಳಿತಿದ್ದರು.

ದಾರಿಯುದ್ದಕ್ಕೂ ಚೆಂದದ ಮಾತು ಜೋಡಿಸಿಕೊಂಡು ಬಂದಿದ್ದೆ. ಒಂದೂ ನೆನಪಾಗಲಿಲ್ಲ. “ಹೊಟ್ಟೆಗೆ ಹಾಕ್ಕೊಳಿ,” ಎಂದೆ. “ಅವತ್ತು ಸುಳ್ಳು ಹೇಳಿದೆ. ಬಿಳಿ ಹೊಂದಲ್ಲ ಅಂತ ನೀಲಿ ಮಾಡಿದ್ದಲ್ಲ. ನನಗೆ ಆ ಹೊಲಿಗೆ ಕಾಣ್ಲೇ ಇಲ್ಲ. ಎರಡು ವರ್ಷದಿಂದ ಹತ್ತಿರದ್ದು ಯಾವುದೂ ಸರಿಯಾಗಿ ಕಾಣಲ್ಲ. ಹೇಳ್ಕೊಳೋಕೆ ಅವಮಾನ. ನನ್ನ ಜಂಬಕ್ಕೆ ನಿಮ್ಮ ಅಮ್ಮನ ಹೊದಿಕೆ ಹಾಳಾಯ್ತು.”

ಅವರು ದಾರದ ಉಂಡೆಯನ್ನು ಕೆಳಗಿಟ್ಟರು.

“ಹಾಳಾಯ್ತು ಅಂದವರಾರು?” ಎಂದರು. “ಮೂರು ದಿನದಿಂದ ಅದನ್ನೇ ನೋಡ್ತಾ ಕೂತಿದೀನಿ. ದಿನಾ ಸಾಯಂಕಾಲ ಅಮ್ಮ ನನ್ನ ಪಕ್ಕದಲ್ಲೇ ಕೂತು ಹೊಲೀತಿದ್ಲು. ನಾನು ಪೇಪರ್ ಓದ್ತಿದ್ದೆ. ಏನೋ ಗೆರೆ ಗೆರೆ ಅಂದ್ಕೊಂಡಿದ್ದೆ. ಊರವರ ಕಣ್ಣೆಲ್ಲ ಪರೀಕ್ಷೆ ಮಾಡೋನು, ಒಂದು ಸಲ ಬಗ್ಗಿ ನೋಡ್ಲಿಲ್ಲ. ಆ ಮೇಜಿನ ಕೆಳಗೆ ಕೂತಿರೋದು ನಾನು. ಹೊಸ ಕನ್ನಡಕ ಬಂದಾಗ ಶಾಲೇಲಿ ನಗ್ತಾರೆ ಅಂತ ಅಲ್ಲಿ ಅಡಗಿ ಕೂತಿದ್ದೆ. ಅದನ್ನ ಅಮ್ಮ ನೆನಪಿಟ್ಟಿದ್ಲು ಅಂತ ಗೊತ್ತಾಗಿದ್ದು ನೀವು ನೀಲೀಲಿ ಅದ್ದಿದ್ದಕ್ಕೆ.”

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು. ನಾನು ಒಂದು ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟೆ. ಅತ್ತೆನೋ ಇಲ್ಲವೋ ನೆನಪಿಲ್ಲ. ಅಕ್ಕ ಈಗಲೂ ಅತ್ತು ಬಂದಿದ್ದೆ ಎನ್ನುತ್ತಾಳೆ.

ಆಮೇಲೆ ಅವರು ಎದ್ದು ಕಟ್ಟಿದ್ದ ಒಂದು ಪೆಟ್ಟಿಗೆಯನ್ನು ಬಿಚ್ಚಿದರು. ಪರೀಕ್ಷೆಯ ದುಂಡು ಚೌಕಟ್ಟನ್ನು ತೆಗೆದು ನನ್ನ ಮೂಗಿನ ಮೇಲೆ ಕೂರಿಸಿದರು. ಕಿವಿಯ ಹತ್ತಿರ ಅವರ ಬೆರಳು ತಣ್ಣಗಿತ್ತು. ಒಂದು ಗಾಜು ಹಾಕಿ ತೆಗೆದು, ಇನ್ನೊಂದು ಹಾಕಿದರು.

“ಮೊದಲಿಂದು ಚೆನ್ನಾಗಿತ್ತಾ, ಇದಾ?”

“ಮೊದಲಿಂದು.”

“ಈಗ?”

“ಇದು ಇನ್ನೂ ಚೆನ್ನಾಗಿದೆ.”

ಸಣ್ಣ ಅಕ್ಷರದ ಒಂದು ಕಾರ್ಡನ್ನು ನನ್ನ ಮುಖದ ಮುಂದೆ ಹಿಡಿದರು. “ಓದಿ.”

ಕಾರ್ಡಿನ ಹಿಂದೆ ಅವರ ಮುಖವಿತ್ತು. ಅಷ್ಟು ಹತ್ತಿರದಿಂದ, ಅಷ್ಟು ನಿಚ್ಚಳವಾಗಿ ನಾನು ಅದನ್ನು ಹಿಂದೆ ನೋಡಿರಲಿಲ್ಲ. ಕಣ್ಣಿನ ಅಂಚಿನಲ್ಲಿ ನಗುವಿನದೇ ಮೂರು ಗೆರೆ. ಕೆಳತುಟಿಯ ಮೇಲೆ ಯಾವ ಕಾಲದ್ದೋ ಒಂದು ಗಾಯದ ಕಲೆ. ನಾನು ಊಹಿಸಿದ್ದಕ್ಕಿಂತ ಆ ಮುಖಕ್ಕೆ ವಯಸ್ಸಾಗಿತ್ತು, ಅದಕ್ಕೇ ಇನ್ನಷ್ಟು ನನ್ನದು ಅನ್ನಿಸಿತು.

“ನಿಮ್ಮ ಎಡಗಡೆ ಹುಬ್ಬಲ್ಲಿ ಒಂದು ಬಿಳಿ ಕೂದಲಿದೆ,” ಎಂದೆ.

“ಕಾರ್ಡ್ ಓದಿ.”

“ಮೂರು ದಿನದಿಂದ ನೀವು ಗಡ್ಡ ಮಾಡಿಲ್ಲ.”

“ಕಾರ್ಡಲ್ಲಿ ಹಾಗೆ ಬರೆದಿಲ್ಲ.”

“ಹೋಗಬೇಡಿ,” ಎಂದೆ. “ನೀವು ಹೋದ್ರೆ ನನಗೆ ತಡ್ಕೊಳೋಕಾಗಲ್ಲ. ಮೂರು ವಾರದ ಕೆಲಸಾನ ಆರು ವಾರ ಎಳೆದದ್ದು ಮರ ಹಳೇದು ಅಂತಲ್ಲ. ನೀವು ದಿನಾ ಬರ್ತೀರಿ ಅಂತ.”

ಕಾರ್ಡು ಕೆಳಗಿಳಿಯಿತು. ಅವರು ಚೌಕಟ್ಟನ್ನು ಮೆಲ್ಲಗೆ ನನ್ನ ಕಿವಿಯಿಂದ ಬಿಡಿಸಿ ತೆಗೆದರು. ಮತ್ತೆ ಎಲ್ಲ ಮಸುಕಾಯಿತು. ಅವರ ಮುಖದಲ್ಲಿ ಏನಿದೆಯೆಂದು ತಿಳಿಯಬೇಕಾದ ಹೊತ್ತಿನಲ್ಲೇ ನನಗೆ ಏನೂ ಕಾಣಲಿಲ್ಲ.

“ನಾಳೆ ಹತ್ತಕ್ಕೆ ಆ ಹುಡುಗ ಹುಡುಗಿ ಬರ್ತಾರೆ,” ಎಂದರು. “ಮನೆ ಕೊಡ್ತೀನಿ ಅಂತ ಮಾತು ಕೊಟ್ಟಾಗಿದೆ. ತಪ್ಪೋಕಾಗಲ್ಲ.”

“ನಾನು ಮನೆ ವಿಷಯ ಮಾತಾಡ್ಲಿಲ್ಲ.”

“ಗೊತ್ತು. ನೀವೂ ಬನ್ನಿ. ಮನೆ ಮಾಡಿದೋರು ನೀವು, ತೋರಿಸೋರೂ ನೀವೇ ಆಗ್ಬೇಕು.” ಗೂಡಿನಲ್ಲಿ ಉಳಿದಿದ್ದ ಒಂದು ರೆಡಿಮೇಡ್ ಕನ್ನಡಕವನ್ನು ನನ್ನ ಕೈಗಿಟ್ಟರು. “ಸದ್ಯಕ್ಕೆ ಇದು ಸಾಕಾಗುತ್ತೆ.”

ಸದ್ಯಕ್ಕೆ ಎಂಬ ಆ ಒಂದು ಪದವನ್ನು ಹಿಡಿದುಕೊಂಡು ಮನೆಗೆ ಬಂದೆ.

ಮರುದಿನ ಮೂರು ಮಹಡಿಯ ಮೆಟ್ಟಿಲನ್ನು ಪರೀಕ್ಷೆಗೆ ಹೋಗುವ ಹುಡುಗಿಯ ಹಾಗೆ ಹತ್ತಿದೆ. ಅವರು ಗಡ್ಡ ಮಾಡಿಕೊಂಡು ಬಂದಿದ್ದರು. ಹೊಸ ಜೋಡಿ ಆಗಲೇ ಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಬರಲೋ ಬೇಡವೋ ಎಂದು ನಿಂತಿತ್ತು. ಹುಡುಗಿ ಪರದೆ ಮುಟ್ಟಿದಳು, ಕಪಾಟಿನ ಬಾಗಿಲು ತೆಗೆದು ಗೆರೆಯ ಬಟ್ಟೆಯನ್ನು ಸವರಿದಳು. ಕಿಟಕಿಯ ಕುರ್ಚಿಯಲ್ಲಿ ಕುಳಿತಾಗ ಅವಳ ಮೊಣಕೈ ತಾನಾಗಿ ಆ ಸವೆದ ಜಾಗಕ್ಕೆ ಹೋಯಿತು. ನಾವಿಬ್ಬರೂ ಅದನ್ನು ನೋಡಿದೆವು. ನೋಡಿದೆವೆಂದು ಒಬ್ಬರಿಗೊಬ್ಬರು ತೋರಿಸಿಕೊಳ್ಳಲಿಲ್ಲ.

“ಯಾರು ಮಾಡಿದ್ದು ಇದನ್ನೆಲ್ಲ?” ಎಂದಳು.

“ಇವರು,” ಎಂದರು ಅವರು.

“ಇಬ್ರೂ,” ಎಂದೆ ನಾನು.

ಅವರು ಬೀಗದಕೈ ಕೊಟ್ಟರು. ನೀರು ಯಾವ ಹೊತ್ತಿಗೆ ಬರುತ್ತದೆ, ಯಾವ ಕಿಟಕಿಯನ್ನು ಗಟ್ಟಿಯಾಗಿ ತಳ್ಳಬೇಕು, ಎಲ್ಲ ಹೇಳಿದರು. ಇನ್ನೇನು ಹೊರಡಬೇಕು, ಬಾಗಿಲಲ್ಲಿ ನಿಂತು ಆ ಹುಡುಗನನ್ನು ಕೇಳಿದರು: “ತಪ್ಪು ತಿಳ್ಕೊಬೇಡಿ. ಒಂದು ಐದು ನಿಮಿಷ ನಾವಿಬ್ರು ಇಲ್ಲಿ ಕೂತು ಹೋಗಬಹುದಾ?”

“ನಿಮ್ಮ ಮನೇನೇ ಅಲ್ವಾ ಸರ್.”

“ಈಗ ನಿಮ್ದು. ಅದಕ್ಕೇ ಕೇಳ್ದೆ.”

ಹುಡುಗಿ ಗಂಡನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು. ಚುರುಕಿನ ಹುಡುಗಿ. ಆರು ವಾರ ಆ ಎರಡು ಕುರ್ಚಿಗಳನ್ನು ಉಜ್ಜಿ, ತುಂಬಿ, ಹೊಲಿದಿದ್ದೆ; ಒಮ್ಮೆಯೂ ಕುಳಿತಿರಲಿಲ್ಲ. ಅವರೂ ಪೆಟ್ಟಿಗೆಯ ಮೇಲೆಯೇ ಕಾಲ ಕಳೆದಿದ್ದರು. ಈಗ ಎದುರುಬದುರು ಕುಳಿತೆವು. ನಾನು ಕನ್ನಡಕ ಹಾಕಿಕೊಂಡೆ.

“ಬೆಳಿಗ್ಗೆ ಭಾವನಿಗೆ ಫೋನ್ ಮಾಡ್ದೆ,” ಎಂದರು. “ಬರಲ್ಲ ಅಂದೆ.”

ನಾನು ಮೂಗಿನ ಮೇಲೆ ಕನ್ನಡಕ ಸರಿಮಾಡಿಕೊಂಡೆ. “ಬೈದ್ರಾ?”

“ಚೆನ್ನಾಗಿ.”

“ಯಾಕೆ ಬರಲ್ಲ ಅಂತ ಕೇಳ್ಲಿಲ್ವಾ?”

“ಕೇಳಿದ್ರು. ಇಲ್ಲಿ ಒಬ್ರಿದಾರೆ, ಅವರನ್ನ ಬಿಟ್ಟು ಬರೋಕಾಗಲ್ಲ ಅಂದೆ. ಅವರು ನೆನ್ನೆ ಬಾಯಿಬಿಟ್ಟು ಹೇಳಿದ್ರು, ನನಗೆ ಅವರಿಗಿಂತ ಮೊದಲಿಂದ ಅವರ ಮೇಲೆ ಮನಸ್ಸಿದೆ, ಹೇಳೋಕೆ ಧೈರ್ಯ ಇರ್ಲಿಲ್ಲ ಅಂದೆ.”

“ಎಷ್ಟು ಮೊದಲಿಂದ?”

“ಅದನ್ನ ಭಾವ ಕೇಳ್ಲಿಲ್ಲ. ನೀವೂ ಕೇಳಬೇಡಿ.” ಅವರ ಕಿವಿ ಕೆಂಪಾದದ್ದು ನನಗೆ ಸ್ಪಷ್ಟವಾಗಿ ಕಂಡಿತು. “ಈಗ ನನಗೆ ಇರೋಕೆ ಮನೆ ಇಲ್ಲ. ಅಂಗಡಿ ಪೂರ್ತಿ ಪೆಟ್ಟಿಗೇಲಿದೆ. ವಯಸ್ಸು ನಲವತ್ತಾರು. ಯೋಚ್ನೆ ಮಾಡಿ ಹೇಳಿ.”

“ಮಾಡಿದ್ದಾಯ್ತು,” ಎಂದೆ.

ಐದು ನಿಮಿಷ ಒಂದು ಗಂಟೆಯಾಯಿತು. ಹುಡುಗಿ ಅವರ ತಾಯಿಯ ಬಟ್ಟಲುಗಳಲ್ಲಿ ನಮಗೆ ಕಾಫಿ ತಂದುಕೊಟ್ಟು, ಅತಿಥಿಗಳನ್ನು ವಿಚಾರಿಸುವಂತೆ ಸಕ್ಕರೆ ಸಾಕಾ ಎಂದು ಕೇಳಿದಳು. ಸಾಕು ಎಂದೆವು. ಬಿಸಿಲು ಪರದೆಯೊಳಗಿಂದ ಇಳಿದು ನೆಲದ ಮೇಲೆ ಸರಿಯುತ್ತ ಹೋಯಿತು. ಅವರ ಕೈ ನನ್ನ ಕೈಮೇಲಿತ್ತು.

ಆಮೇಲೆ ನಮಗೂ ಒಂದು ಮನೆಯಾಯಿತು, ಹಳೆ ಸಾಮಾನಿನ ಅಂಗಡಿಯ ಮೇಲಿನ ಒಂಟಿ ಕೋಣೆ, ಈಗ ಎರಡು. ಅಲ್ಲಿರುವುದೆಲ್ಲ ಗಿರಾಕಿಗಳು ಬೇಡವೆಂದು ಬಿಟ್ಟ ಸಾಮಾನು, ಒಂದಕ್ಕೊಂದು ಹೊಂದುವುದಿಲ್ಲ. ಸರಿಮಾಡುತ್ತೇನೆ ಎಂದು ಹದಿನಾಲ್ಕು ವರ್ಷದಿಂದ ಹೇಳುತ್ತಿದ್ದೇನೆ, ದೀಪದ ಬುಡದಲ್ಲಿ ಕತ್ತಲೆ. ಇಬ್ಬರೂ ಸೇರಿ, ಒಂದೊಂದು ಬಟ್ಟೆಗೂ ವಾದಮಾಡಿ, ಕೈಯಾರೆ ಕಟ್ಟಿದ ಮನೆ ಮಾತ್ರ ಆ ಮೂರನೇ ಮಹಡಿಯದೊಂದೇ. ಅದರಲ್ಲಿ ನಾವು ಬಾಳಿದ್ದು ಒಂದು ಗಂಟೆ.